ಮಲಂಪುಳದ ಯಕ್ಷಿ ಸುಣ್ಣ ಕೇಳುವುದಿಲ್ಲ

ಕೇರಳದ ಯಕ್ಷಿ ಕಥೆಗಳು ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತವೆ. ರಾತ್ರಿ ಹೊತ್ತು, ಒಂಟಿ ದಾರಿ, ನಡೆದು ಹೋಗುತ್ತಿರುವ ಒಬ್ಬ ಗಂಡಸು. ಎಲ್ಲಿಂದಲೋ ಹಾಲೆ ಹೂವಿನ ಘಮ. ಬಿಳಿ ಬಟ್ಟೆ ಉಟ್ಟು, ಮೊಣಕಾಲು ಮುಟ್ಟುವ ಕೂದಲು ಬಿಚ್ಚಿಕೊಂಡ ಹೆಂಗಸೊಬ್ಬಳು ಎದುರಾಗುತ್ತಾಳೆ. ಅವಳು ದುಡ್ಡು ಕೇಳುವುದಿಲ್ಲ, ಪ್ರಾಣವನ್ನೂ ಕೇಳುವುದಿಲ್ಲ. "ಎಲೆ ಹಾಕ್ಕೋಬೇಕಿತ್ತು, ಒಂಚೂರು ಸುಣ್ಣ ಇದ್ಯಾ?" ಅಷ್ಟೆ. ಅವನು ಕೊಡುತ್ತಾನೆ. ಮಾತು ಬೆಳೆಯುತ್ತದೆ. ಇಲ್ಲೇ ನಮ್ಮ ಮನೆ, ಬಂದು ಹೋಗಿ ಅನ್ನುತ್ತಾಳೆ. ಅವನ ಕಣ್ಣಿಗೆ ಕಾಣುವುದು ದೊಡ್ಡ ಮಾಳಿಗೆ ಮನೆ. ನಿಜವಾಗಿ ಅದು ಎತ್ತರದ ತಾಳೆ ಮರ. ಬೆಳಗ್ಗೆ ಮರದ ಬುಡದಲ್ಲಿ ಉಳಿದಿರುವುದು ಅವನ ಹಲ್ಲು, ಉಗುರು, ಕೂದಲು.

ಸುಣ್ಣವೇ ಯಾಕೆ ಅಂತ ನಾನು ಬಹಳ ದಿನ ಯೋಚಿಸಿದ್ದೆ. ನಮ್ಮಲ್ಲೂ ದೀಪ ಹಚ್ಚಿದ ಮೇಲೆ ಸುಣ್ಣ ಕೊಡಬಾರದು ಅನ್ನುವ ಮನೆಗಳಿವೆ. ನನ್ನಜ್ಜಿಯನ್ನು ಕೇಳಿದರೆ "ಕೊಡಬಾರದು ಅಂದ್ರೆ ಕೊಡಬಾರದು" ಅನ್ನುವುದೇ ಉತ್ತರ. ಆದರೆ ಎಲೆ ಹಾಕುವವರಿಗೆ ಗೊತ್ತು: ಎಲೆ, ಅಡಿಕೆ ಎರಡನ್ನೇ ಅಗಿದರೆ ಬಾಯಿ ಕೆಂಪಾಗುವುದಿಲ್ಲ, ಸುಣ್ಣ ಸೇರಬೇಕು. ನಮ್ಮ ಹಳೆಯ ಪದ್ಧತಿಯಲ್ಲಿ ವೀಳ್ಯ ಕೊಡುವುದು ಅಂದರೆ ಒಪ್ಪಿಗೆ, ಗಂಡ ಹೆಂಡಿರ ನಡುವೆ ಅದು ಸರಸ. ಅಂದರೆ ಯಕ್ಷಿಯ ಹತ್ತಿರ ಎಲ್ಲವೂ ಇದೆ, ತುಟಿ ಕೆಂಪಾಗಲು ಬೇಕಾದ ಕೊನೆಯ ಚೂರನ್ನು ಅವಳು ಗಂಡಸಿನ ಕೈಯಿಂದ ಕೇಳುತ್ತಿದ್ದಾಳೆ. ಅವಳಾಗಿಯೇ ಕೇಳುತ್ತಿದ್ದಾಳೆ. ಅದೂ ರಾತ್ರಿ ಹೊತ್ತಲ್ಲಿ, ದಾರಿಯಲ್ಲಿ ನಿಂತು. ಹಲ್ಲು ಉಗುರಿನ ವಿಷಯ ಆಮೇಲೆ ಬಂತು, ಹೆದರಿಕೆ ಇಲ್ಲೇ ಶುರುವಾಗಿದೆ ಅಂತ ನನಗನ್ನಿಸುತ್ತದೆ.

ಈ ಯಕ್ಷಿಯನ್ನು ಹಗಲು ಹೊತ್ತಿನಲ್ಲೇ ನೋಡಬಹುದು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಪಾಲಕ್ಕಾಡ್. ಕೊಯಮತ್ತೂರು ದಾಟಿದ ಮೇಲೆ ನಿದ್ದೆ ಮಾಡಬೇಡಿ, ಕಿಟಕಿ ಪಕ್ಕ ಬಂದು ಕೂತುಕೊಳ್ಳಿ. ಪಶ್ಚಿಮ ಘಟ್ಟ ಇಲ್ಲಿ ಮಾತ್ರ ದೊಡ್ಡದಾಗಿ ಬಾಯಿ ಬಿಟ್ಟಿದೆ. ಎರಡೂ ಕಡೆ ಬೆಟ್ಟ, ನಡುವೆ ಬಯಲು, ಗಾಳಿ ಸುಯ್ಯೆಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುತ್ತದೆ. ಆ ಬಯಲಿನಲ್ಲಿ ಭತ್ತದ ಗದ್ದೆ, ಗದ್ದೆಯ ಬದುವಿನಲ್ಲಿ ಒಂಟೊಂಟಿಯಾಗಿ ನಿಂತ ತಾಳೆ ಮರಗಳು. ತಾಟಿನಿಂಗು ಬಿಡುತ್ತದಲ್ಲ, ಅದೇ ಮರ. ಇಲ್ಲಿ ಅದಕ್ಕೆ ಕರಿಂಪನ ಅನ್ನುತ್ತಾರೆ. ಬೆಳಗಿನ ಮಂಜಿನಲ್ಲಿ ಅವನ್ನು ನೋಡಿದರೆ, ಯಕ್ಷಿಗೆ ಈ ಮರವನ್ನೇ ಮನೆ ಮಾಡಿಕೊಟ್ಟವರು ಯಾರೋ ಗೊತ್ತಿಲ್ಲ, ಒಳ್ಳೆ ಕಲಾ ನಿರ್ದೇಶಕರು ಅನ್ನಬೇಕು. ಉದ್ದ ಕಪ್ಪು ಕಾಂಡ, ತುದಿಯಲ್ಲಿ ಮಾತ್ರ ಕೆದರಿದ ತಲೆ. ಗಾಳಿಗೆ ಒಣಗಿದ ಗರಿಗಳು ಪಟಪಟ ಬಡಿದುಕೊಳ್ಳುತ್ತವೆ. ರಾತ್ರಿ ಒಬ್ಬರೇ ಕೇಳಿಸಿಕೊಂಡರೆ ಯಾರೋ ಮಾತಾಡಿದ ಹಾಗೇ ಇರುತ್ತದೆ.

ಊರಿನ ನಡುವೆ ಹೈದರಾಲಿ 1766ರಲ್ಲಿ ಕಟ್ಟಿಸಿದ ಕೋಟೆ ಇದೆ. ಮೈಸೂರಿನ ಕಡೆಯವರು ಅಂತ ಒಂದು ಸುತ್ತು ಹಾಕಿ ಬಂದೆವು, ನಾನು ಮತ್ತು ನನ್ನ ಗೆಳತಿ. ಅಲ್ಲಿಂದ ಮಲಂಪುಳಕ್ಕೆ ಸುಮಾರು 10 ಕಿಲೋಮೀಟರ್.

ಮಲಂಪುಳ ಅಣೆಕಟ್ಟು ಮುಗಿದದ್ದು 1955ರಲ್ಲಿ, ಕೇರಳ ರಾಜ್ಯ ಹುಟ್ಟುವ ಮೊದಲು. ಅದರ ಕೆಳಗಿನ ತೋಟವನ್ನು ಕೇರಳದ ಬೃಂದಾವನ ಅಂತ ಕರೆಯುತ್ತಾರೆ. ನಮ್ಮ ಕೆಆರ್‌ಎಸ್ ನೋಡಿದವರಿಗೆ ಎಲ್ಲವೂ ಪರಿಚಿತ: ಕಾರಂಜಿ, ಹುಲ್ಲುಹಾಸು, ಶಾಲಾ ಪ್ರವಾಸದ ಮಕ್ಕಳ ಸಾಲು, ಮಾವಿನಕಾಯಿಗೆ ಉಪ್ಪುಖಾರ. ತಲೆಯ ಮೇಲೆ ರೋಪ್‌ವೇ ತೊಟ್ಟಿಲುಗಳು. ಆ ಎಲ್ಲದರ ನಡುವೆ, ಬೆಟ್ಟದ ಸಾಲನ್ನು ಬೆನ್ನಿಗೆ ಹಾಕಿಕೊಂಡು ಅವಳು ಕೂತಿದ್ದಾಳೆ.

ಮೂವತ್ತು ಅಡಿ ಎತ್ತರ. ಕಾಂಕ್ರೀಟು. ಮೈಮೇಲೆ ಒಂದು ಎಳೆ ನೂಲಿಲ್ಲ. ಎರಡೂ ಕಾಲನ್ನು ಅಗಲಿಸಿ ಚಾಚಿ ಕೂತು, ಎರಡೂ ಕೈಯನ್ನು ಮೇಲೆತ್ತಿ ಕೂದಲಿಗೆ ಹಾಕಿಕೊಂಡು, ಮುಖ ಆಕಾಶಕ್ಕೆ ಎತ್ತಿದ್ದಾಳೆ. ಫೋಟೋದಲ್ಲಿ ನೋಡಿದಾಗ ನನಗೆ ಅದು ಬರೀ ಧೈರ್ಯದ ಶಿಲ್ಪ ಅನ್ನಿಸಿತ್ತು. ಎದುರಿಗೆ ನಿಂತಾಗ ತಟ್ಟಿದ್ದು ಬೇರೆ: ಅವಳು ಯಾರನ್ನೂ ನೋಡುತ್ತಿಲ್ಲ. ನಮ್ಮ ಸಿನಿಮಾದ ಮೋಹಿನಿಯರೆಲ್ಲ ಕ್ಯಾಮೆರಾ ಕಡೆ ನೋಡುತ್ತಾರೆ. ಕರೆಯುತ್ತಾರೆ, ನಗುತ್ತಾರೆ, ಕಣ್ಣು ಬಿಳಿ ಮಾಡುತ್ತಾರೆ. ಇವಳಿಗೆ ನೋಡುವವರ ಹಂಗೇ ಇಲ್ಲ. ತನ್ನ ಮೈಯ ಸುಖದಲ್ಲಿ ತಾನಿದ್ದಾಳೆ. ಅವಳಿಗೆ ಸುಣ್ಣ ಬೇಕಾಗಿಲ್ಲ.

ನೋಡುವವರ ಅವಸ್ಥೆ ನೋಡಲು ಮಾತ್ರ ಅರ್ಧ ದಿನ ಬೇಕು. ಒಂದು ಕುಟುಂಬ ಫೋಟೋಗೆ ನಿಂತಿತ್ತು. ಹಿಂದೆ ಯಕ್ಷಿ ಬರಬೇಕು, ಆದರೆ "ಅದು" ಬರಬಾರದು. ಚಿಕ್ಕಪ್ಪನ ಥರ ಇದ್ದವರೊಬ್ಬರು ಎಲ್ಲರನ್ನೂ ಎಡಕ್ಕೆ ಸರಿ, ಬಲಕ್ಕೆ ಸರಿ ಅಂತ ಜರುಗಿಸಿ, ಕೊನೆಗೆ ಎತ್ತರದ ಇಬ್ಬರು ಹುಡುಗರನ್ನು ನಡುವೆ ನಿಲ್ಲಿಸಿ ಮರ್ಯಾದೆ ಕಾಪಾಡಿದರು. ಕಾಲೇಜು ಹುಡುಗರ ಗುಂಪೊಂದು ಜೋರಾಗಿ ನಗುತ್ತಾ ಬಂತು, ಹತ್ತಿರ ಬರುತ್ತಾ ಬರುತ್ತಾ ನಗು ಸಣ್ಣದಾಯಿತು. ಒಬ್ಬ ಅಜ್ಜಿ ಮಾತ್ರ ಪಾದದ ಹತ್ತಿರ ಹೋಗಿ, ಕತ್ತೆತ್ತಿ ಸುಮಾರು ಹೊತ್ತು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ಹೋದರು.

ಇದನ್ನು ಮಾಡಿದವರು ಕಾಸರಗೋಡು ಜಿಲ್ಲೆಯ ಕಾನಾಯಿ ಕುಂಞಿರಾಮನ್. ಮದ್ರಾಸಿನಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಕೈಕೆಳಗೆ ಕಲಿತು, ಲಂಡನ್ನಿನ ಸ್ಲೇಡ್ ಶಾಲೆಗೆ ಹೋಗಿ ಬಂದವರು. ಯಕ್ಷಿ ಮುಗಿದದ್ದು 1969ರಲ್ಲಿ. ಆಗ ದೊಡ್ಡ ಗಲಾಟೆಯೇ ಆಯಿತು. ಸರ್ಕಾರಿ ತೋಟ, ಹೆಂಡತಿ ಮಕ್ಕಳ ಜೊತೆ ಬರುವ ಜಾಗ, ಇಲ್ಲಿ ಬೆತ್ತಲೆ ಹೆಂಗಸೇ ಅನ್ನುವ ವಿರೋಧ. ಇದೇ ಜನ ದೇವಸ್ಥಾನದ ಗೋಡೆಯ ಮೇಲಿನ ಶಿಲ್ಪಕ್ಕೆ ಏನೂ ಅನ್ನುವುದಿಲ್ಲ. ನಾವೂ ಅಷ್ಟೆ, ಬೇಲೂರಿನಲ್ಲಿ ಮದನಿಕೆಯರ ಎದುರು ಗೈಡ್ ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಬರುತ್ತೇವೆ. ಮದನಿಕೆ ಕನ್ನಡಿ ನೋಡಿಕೊಂಡು ಅಲಂಕಾರ ಮಾಡಿಕೊಳ್ಳುತ್ತಿದ್ದಾಳೆ, ಯಾರಿಗೋ ಕಾಯುತ್ತಿದ್ದಾಳೆ ಅಂತ ನಾವೇ ಕಥೆ ಕಟ್ಟಿಕೊಳ್ಳಬಹುದು. ಕಾನಾಯಿಯವರ ಯಕ್ಷಿ ಅಂಥ ಕಥೆಗೆ ಅವಕಾಶ ಕೊಡುವುದಿಲ್ಲ.

ತಮಾಷೆ ಅಂದರೆ ಯಕ್ಷಿ ಅನ್ನುವ ಪದ ಘಟ್ಟದ ಈಚೆ ಬಂದರೆ ಹೆದರಿಸುವುದೇ ಇಲ್ಲ. ನಮ್ಮ ಹೊಂಬುಜದ ಪದ್ಮಾವತಿ ಯಕ್ಷಿ, ನರಸಿಂಹರಾಜಪುರದ ಜ್ವಾಲಾಮಾಲಿನಿ ಯಕ್ಷಿ, ಶ್ರವಣಬೆಳಗೊಳದ ಕೂಷ್ಮಾಂಡಿನಿ ಯಕ್ಷಿ. ಜೈನರಿಗೆ ಇವರೆಲ್ಲ ತೀರ್ಥಂಕರರ ಸೇವೆಯಲ್ಲಿರುವ ದೇವತೆಯರು, ಜನ ಹರಕೆ ಹೊತ್ತು ಹೋಗುತ್ತಾರೆ. ಪಕ್ಕದಲ್ಲೊಬ್ಬ ತೀರ್ಥಂಕರ ಇದ್ದರೆ ದೇವತೆ, ಒಬ್ಬಳೇ ದಾರಿಯಲ್ಲಿದ್ದರೆ ದೆವ್ವ. ಹಾಲೆ ಮರದ ಕಥೆಯೂ ಹೀಗೇ. ಕೇರಳದಲ್ಲಿ ಅದು ಯಕ್ಷಿಯ ಇನ್ನೊಂದು ಮನೆ, ಹೂ ಬಿಟ್ಟ ಕಾಲದಲ್ಲಿ ರಾತ್ರಿ ಅದರ ಕೆಳಗೆ ಹೋಗಬೇಡ ಅನ್ನುತ್ತಾರೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಅದರ ತೊಗಟೆಯ ಕಷಾಯ ಕುಡಿಯದ ಮನೆ ಕಡಿಮೆ. ಸೂರ್ಯ ಹುಟ್ಟುವ ಮೊದಲೇ ಗಂಡಸು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಹಳೆಯ ಕ್ರಮದಲ್ಲಿ ಬಟ್ಟೆ ಇಲ್ಲದೆಯೇ ಹೋಗಬೇಕು. ಕತ್ತಲಲ್ಲಿ, ಹಾಲೆ ಮರದ ಕೆಳಗೆ, ಬೆತ್ತಲೆ ಗಂಡಸು. ಅವನ ಬಗ್ಗೆ ಯಾರೂ ಹಾರರ್ ಸಿನಿಮಾ ತೆಗೆದಿಲ್ಲ.

ಯಕ್ಷಿಯ ಬಗ್ಗೆ ತೆಗೆದಿದ್ದಾರೆ. ಶಿಲ್ಪ ಮುಗಿಯುವ ಒಂದು ವರ್ಷ ಮೊದಲು, 1968ರಲ್ಲಿ, ಕೆ.ಎಸ್. ಸೇತುಮಾಧವನ್ ಅವರ 'ಯಕ್ಷಿ' ಬಂತು. ಮಲಯಾಟ್ಟೂರ್ ರಾಮಕೃಷ್ಣನ್ ಅವರ ಕಾದಂಬರಿ ಆಧರಿಸಿದ್ದು. ಸತ್ಯನ್ ಮತ್ತು ಶಾರದಾ. ನಾಯಕ ಶ್ರೀನಿವಾಸನ್ ಕಾಲೇಜು ಮೇಷ್ಟ್ರು, ರಸಾಯನಶಾಸ್ತ್ರದವನು. ನೋಡಲು ಚೆಂದ ಇದ್ದವನಿಗೆ ಪ್ರಯೋಗಾಲಯದ ಅವಘಡದಲ್ಲಿ ಮುಖ ಸುಟ್ಟು ಹೋಗುತ್ತದೆ. ಹಿಂದೆ ಬಿದ್ದವರೆಲ್ಲ ದೂರ ಸರಿಯುತ್ತಾರೆ. ಆಗ ರಾಗಿಣಿ ಬರುತ್ತಾಳೆ. ಚೆಲುವೆ, ಅವನನ್ನು ಇದ್ದ ಹಾಗೇ ಇಷ್ಟಪಡುತ್ತಾಳೆ. ಮದುವೆಯಾಗುತ್ತದೆ. ಸಮಸ್ಯೆ ಏನೆಂದರೆ, ಅವಳ ಹತ್ತಿರ ಅವನಿಗೆ ಗಂಡನಾಗಿ ಇರಲು ಆಗುವುದಿಲ್ಲ. ಇಂಥ ಮುಖವನ್ನು ಇಂಥ ಹೆಂಗಸು ಯಾಕೆ ಬಯಸುತ್ತಾಳೆ? ಮನುಷ್ಯಳೇ ಆಗಿರಲಿಕ್ಕಿಲ್ಲ. ಅನುಮಾನ ಬೆಳೆಯುತ್ತಾ ಹೋಗಿ ಕೊನೆಗೆ ಅವಳನ್ನು ಕೊಲ್ಲುತ್ತಾನೆ.

ಐವತ್ತೇಳು ವರ್ಷಕ್ಕೂ ಹಳೆಯ ಕಪ್ಪುಬಿಳುಪು ಸಿನಿಮಾ, ಈಗ ನೋಡಿದರೆ ಕೆಲವು ಹಾಡು ಫಾರ್ವರ್ಡ್ ಮಾಡಬೇಕು ಅನ್ನಿಸುತ್ತದೆ, ನಿಜ. ಆದರೆ ಯಕ್ಷಿ ಎಲ್ಲಿ ಹುಟ್ಟುತ್ತಾಳೆ ಅನ್ನುವುದನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ. ಅವಳು ತಾಳೆ ಮರದಲ್ಲಿ ಹುಟ್ಟುವುದಿಲ್ಲ, ಮಲಗುವ ಕೋಣೆಯಲ್ಲಿ, ಗಂಡನ ತಲೆಯಲ್ಲಿ ಹುಟ್ಟುತ್ತಾಳೆ.

ಹಳೆಯ ಕಥೆಗಳಲ್ಲಿ ಅವಳನ್ನು ಕೊಲ್ಲುವುದಿಲ್ಲ, ಪಳಗಿಸುತ್ತಾರೆ. ಕೊಟ್ಟಾರತ್ತಿಲ್ ಶಂಕುಣ್ಣಿ ಕಳೆದ ಶತಮಾನದ ಆರಂಭದಲ್ಲಿ ಕೇರಳದ ಐತಿಹ್ಯಗಳನ್ನೆಲ್ಲ 'ಐತಿಹ್ಯಮಾಲ'ದಲ್ಲಿ ಕೂಡಿಟ್ಟರು. ಅದರಲ್ಲಿ ಕಡಮಟ್ಟತ್ತು ಕತ್ತನಾರ್ ಅನ್ನುವ ಮಂತ್ರವಾದಿ ಪಾದ್ರಿಯ ಕಥೆ ಬರುತ್ತದೆ. ಯಕ್ಷಿ ಇವನನ್ನೂ ಸುಣ್ಣ ಕೇಳುತ್ತಾಳೆ. ಇವನು ಕಬ್ಬಿಣದ ಮೊಳೆಯ ತುದಿಗೆ ಸುಣ್ಣ ಹಚ್ಚಿ ಚಾಚುತ್ತಾನೆ. ಆ ಮೊಳೆ ಅವಳ ತಲೆಗೆ ಇಳಿಯುತ್ತದೆ. ಮರುಕ್ಷಣ ಅವಳು ಸಾಧು ಹೆಣ್ಣು. ಹಿಂದೆಯೇ ಬರುತ್ತಾಳೆ, ಹೇಳಿದ ಕೆಲಸ ಮಾಡುತ್ತಾಳೆ. ಮನೆಯೊಂದರಲ್ಲಿ ಅವಳನ್ನು ಬಿಟ್ಟಾಗ, ಅಲ್ಲಿನ ವಯಸ್ಸಾದ ಹೆಂಗಸು ಪ್ರೀತಿಯಿಂದ ಅವಳ ತಲೆ ಬಾಚಲು ಕೂರುತ್ತಾಳೆ. ಕೂದಲ ನಡುವೆ ಬೆರಳಿಗೆ ಮೊಳೆ ತಾಗುತ್ತದೆ. ಅಯ್ಯೋ ಅಂತ ಎಳೆದು ತೆಗೆಯುತ್ತಾಳೆ. ಯಕ್ಷಿ ಮಾಯ. ಆಮೇಲೆ ಕತ್ತನಾರ್ ಮತ್ತೆ ಹಿಡಿದು ಪನಯನ್ನಾರ್‌ಕಾವಿನಲ್ಲಿ ನೆಲೆ ನಿಲ್ಲಿಸಿದ ಅನ್ನುತ್ತದೆ ಕಥೆ. ನನಗೆ ಮುಂದಿನ ಭಾಗ ಅಷ್ಟು ಮುಖ್ಯ ಅನ್ನಿಸಲಿಲ್ಲ. ಒಬ್ಬ ಹೆಂಗಸು ಇನ್ನೊಬ್ಬಳ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು, ಯಾರೂ ನೋಡದೇ ಇದ್ದ ಮೊಳೆಯನ್ನು ಬೆರಳಲ್ಲೇ ಕಂಡುಹಿಡಿದಳಲ್ಲ, ಗಂಡಸರು ಹೇಳಿಕೊಂಡು ಬಂದ ಕಥೆಯೊಳಗೆ ಅದು ಹೇಗೆ ಉಳಿದುಕೊಂಡಿತೋ ಅನ್ನುವ ಆಶ್ಚರ್ಯ ನನಗೆ.

ಇನ್ನೊಬ್ಬಳು ಕಳ್ಳಿಯಂಗಾಟ್ಟು ನೀಲಿ. ನಾಗರಕೋಯಿಲ್ ಕಡೆಯವಳು. ಕಥೆಯ ಒಂದು ರೂಪದಲ್ಲಿ ಒಡವೆಗೆ ಆಸೆಪಟ್ಟ ಗಂಡನೇ ಅವಳನ್ನು ಕಾಡಿನಲ್ಲಿ ಕೊಲ್ಲುತ್ತಾನೆ, ಅವಳು ಮತ್ತೆ ಹುಟ್ಟಿ ಬಂದು ಸೇಡು ತೀರಿಸಿಕೊಳ್ಳುತ್ತಾಳೆ. ಸುಣ್ಣ ಕೇಳುವ ಯಕ್ಷಿಗಿಂತ ಸಿನಿಮಾದವರಿಗೆ ಇಷ್ಟವಾಗಿದ್ದು ಈ ಮಾದರಿ. ಯಾಕೆಂದರೆ ಇಲ್ಲಿ ಕಾರಣ ಇದೆ. 1964ರ 'ಭಾರ್ಗವಿ ನಿಲಯಂ'ನಲ್ಲಿ ಭಾರ್ಗವಿ ಕೊಲೆಯಾದ ಪ್ರೇಮಿ. 1999ರ 'ಆಕಾಶಗಂಗಾ'ದಲ್ಲಿ ಗಂಗಾ ಒಡೆಯರ ಮನೆಯ ದಾಸಿ, ಬಸುರಿಯಾಗಿದ್ದಾಗಲೇ ಸುಟ್ಟು ಹಾಕುತ್ತಾರೆ. ಆಸೆ ಒಡೆಯನದು, ದೆವ್ವದ ಪಟ್ಟ ಅವಳದು. ಈ ಸಿನಿಮಾಗಳು ಹೆಂಗಸಿಗೆ ನ್ಯಾಯ ಕೊಡಿಸುತ್ತವೆ, ಸಂತೋಷ. ನನ್ನ ತಕರಾರು ಒಂದೇ. ತೆರೆಯ ಮೇಲೆ ಹೆಣ್ಣು ದೆವ್ವ ಯಾರನ್ನಾದರೂ ಬಯಸಬೇಕಾದರೆ, ಹೆದರಿಸಬೇಕಾದರೆ, ಮೊದಲು ಅವಳ ಮೇಲೆ ಅತ್ಯಾಚಾರವೋ ಕೊಲೆಯೋ ಆಗಿರಲೇಬೇಕು. ಫ್ಲ್ಯಾಶ್‌ಬ್ಯಾಕ್ ಅನ್ನುವ ಎಫ್‌ಐಆರ್ ಇಲ್ಲದೆ ಅವಳಿಗೆ ಪ್ರವೇಶವೇ ಇಲ್ಲ.

ಇದನ್ನು ಸ್ವಲ್ಪ ಬೇರೆ ಥರ ಮಾಡಿದ್ದು 'ಮಣಿಚಿತ್ರತ್ತಾಳ್', 1993. ನಮಗೆ ಅದು 2004ರ 'ಆಪ್ತಮಿತ್ರ'. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರವನ್ನು ನಮ್ಮಲ್ಲಿ ಸೌಂದರ್ಯ ಮಾಡಿದರು. ಸಿನಿಮಾ ಬಿಡುಗಡೆಯಾಗುವಾಗ ಅವರೇ ಇರಲಿಲ್ಲ, ಆ ನೋವು ಇವತ್ತಿಗೂ ಆ ಸಿನಿಮಾ ಜೊತೆ ಅಂಟಿಕೊಂಡಿದೆ. ನಾಗವಲ್ಲಿಗೂ ಹಿಂದಿನ ಅನ್ಯಾಯದ ಕಥೆ ಇದೆ: ಇಟ್ಟುಕೊಂಡ ಒಡೆಯ ಒಬ್ಬ, ಅವಳು ಬಯಸಿದ ನರ್ತಕ ಇನ್ನೊಬ್ಬ. ಆದರೆ ಆ ಮಂಚ ಎತ್ತುವ ದೃಶ್ಯ ನೆನಪಿಸಿಕೊಳ್ಳಿ. ಹೊರಗೆ ಹೊರಟ ಹೆಂಡತಿಗೆ ಗಂಡ ಹೋಗಬೇಡ ಅನ್ನುತ್ತಾನೆ. ಅಷ್ಟೇ. ಒಳ್ಳೆ ಗಂಡ, ಮೆಲ್ಲಗೇ ಹೇಳುತ್ತಾನೆ. ಅವಳ ಕಣ್ಣು ತಿರುಗುತ್ತದೆ, ಮಂಚ ಮೇಲೇಳುತ್ತದೆ. ಚಿಕ್ಕವರಿದ್ದಾಗ ನಾವು ದಿಂಬಿನ ಹಿಂದೆ ಅವಿತು ನೋಡಿದ್ದು ಅದನ್ನೇ. ಈಗ ಗೆಳತಿಯರ ಜೊತೆ ಕೂತು ನೋಡಿದರೆ, ಆ ಜಾಗದಲ್ಲಿ ಯಾರಾದರೂ ಒಬ್ಬಳು "ಕರೆಕ್ಟ್" ಅಂದೇ ಅನ್ನುತ್ತಾಳೆ.

ರಾತ್ರಿ ಹೊರಗಿರುವ ಹೆಂಗಸಿನ ಭಯ ಹಳ್ಳಿಯ ಕತ್ತಲಿಗೆ ಮಾತ್ರ ಸೇರಿದ್ದೂ ಅಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬೀದಿ ಬೀದಿಯ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದು ನಿಮ್ಮ ಅಪ್ಪ ಅಮ್ಮನಿಗೆ ನೆನಪಿರುತ್ತದೆ. ರಾತ್ರಿ ಬಾಗಿಲು ತಟ್ಟುವವಳು ಮನೆಯವರ ದನಿಯಲ್ಲೇ ಕರೆಯುತ್ತಾಳೆ ಅನ್ನುವುದು ಒಂದು ಕಥೆ. ಗಂಡನನ್ನು ಹುಡುಕುತ್ತಿರುವ ಮದುಮಗಳು, ಮನೆಯ ಗಂಡಸನ್ನು ಒಯ್ಯುತ್ತಾಳೆ ಅನ್ನುವುದು ಇನ್ನೊಂದು. ಆ 'ನಾಳೆ ಬಾ'ವನ್ನೇ ಎತ್ತಿಕೊಂಡು ಮಧ್ಯಪ್ರದೇಶದ ಚಂದೇರಿಗೆ ಒಯ್ದು 2018ರಲ್ಲಿ 'ಸ್ತ್ರೀ' ಮಾಡಿದರು. ಅಲ್ಲಿ ಕತ್ತಲಾದ ಮೇಲೆ ಮನೆಯಿಂದ ಹೊರಗೆ ಬರಲು ಗಂಡಸರು ಹೆದರುತ್ತಾರೆ. ಥಿಯೇಟರಿನಲ್ಲಿ ಎಲ್ಲರೂ ನಕ್ಕೆವು. ಹೆಂಗಸರ ನಗು ಸ್ವಲ್ಪ ಬೇರೆ ಇತ್ತು.

ನಮ್ಮ ಬೆಂಗಳೂರು ಕೇರಳದ ನೀಲಿಯನ್ನೂ ಕಂಡಿದೆ. 2025ರ ಆಗಸ್ಟಿನಲ್ಲಿ ಬಂದ 'ಲೋಕಾ'ದಲ್ಲಿ ಕಲ್ಯಾಣಿ ಪ್ರಿಯದರ್ಶನ್ ಮಾಡಿದ ಚಂದ್ರಾ ಇದೇ ಕಳ್ಳಿಯಂಗಾಟ್ಟು ನೀಲಿ. ಬೆಂಗಳೂರಿನ ಫ್ಲ್ಯಾಟೊಂದಕ್ಕೆ ಬಾಡಿಗೆಗೆ ಬರುತ್ತಾಳೆ, ಕೆಫೆಯಲ್ಲಿ ನೈಟ್ ಶಿಫ್ಟ್ ಮಾಡುತ್ತಾಳೆ. ರಾತ್ರಿ ಓಡಾಡುವವಳು ಯಕ್ಷಿ ಅನ್ನುವ ಹಳೆ ಮಾತಿಗೆ ಇದಕ್ಕಿಂತ ಒಳ್ಳೆ ತಮಾಷೆ ಉತ್ತರ ಇಲ್ಲ. ಕತ್ತನಾರ್ ಇಲ್ಲಿಯೂ ಬರುತ್ತಾನೆ, ಮೊಳೆ ಹಿಡಿದುಕೊಂಡಲ್ಲ, ಅವಳ ಜೊತೆಗಾರನಾಗಿ. ಸಿನಿಮಾ ಭರ್ಜರಿ ಓಡಿತು. ಆದರೂ ನನಗೊಂದು ಕೊರಗು: ಅವಳಿಗೆ ಬಲ ಕೊಟ್ಟರು, ಹಾರುವ ಶಕ್ತಿ ಕೊಟ್ಟರು, ಆಸೆ ಕೊಡಲು ಮಾತ್ರ ಹಿಂದೆಮುಂದೆ ನೋಡಿದರು. ಎದುರು ಮನೆಯ ಹುಡುಗ ಹಲ್ಲು ಕಿರಿಯುತ್ತಾ ಹಿಂದೆ ಸುತ್ತುತ್ತಾನೆ, ಅವಳು ಅವನನ್ನು ಕಾಪಾಡುತ್ತಾಳೆ, ಅಷ್ಟರಲ್ಲೇ ಉಳಿಯುತ್ತದೆ.

ಆ ಸಿನಿಮಾದ ವಿಲನ್ ಒಬ್ಬ ಪೊಲೀಸ್. ಬೆಂಗಳೂರಿನ ಹುಡುಗಿಯರ ನಡತೆ ಸರಿಯಿಲ್ಲ, ಮದುವೆಯಾಗಲ್ಲ ಅನ್ನುವ ಅರ್ಥದ ಮಾತು ಅವನ ಬಾಯಲ್ಲಿತ್ತು. ನಮ್ಮಲ್ಲಿ ಸಿಟ್ಟು ಎದ್ದಿತು, ನಿರ್ಮಾಪಕರು ಕ್ಷಮೆ ಕೇಳಿ ಆ ಸಂಭಾಷಣೆ ತೆಗೆಯುವುದಾಗಿ ಹೇಳಿದರು. ಊರಿನ ಮರ್ಯಾದೆಯ ಪ್ರಶ್ನೆಯಾಗಿ ಅದು ಮುಗಿಯಿತು. ಆದರೆ ಆ ಮಾತು ನಮಗೆ ಹೊಸದಾ? ಪಿಜಿ ಹುಡುಗಿಯರು, ಕಾಲ್ ಸೆಂಟರ್ ಹುಡುಗಿಯರು, ರಾತ್ರಿ ಕ್ಯಾಬಿನಲ್ಲಿ ಇಳಿಯುವವರು ಅಂತ ನಮ್ಮ ಮನೆಗಳಲ್ಲೇ, ನಮ್ಮ ಭಾಷೆಯಲ್ಲೇ, ಮದುವೆ ಮಾತುಕತೆಯಲ್ಲಿ ಎಷ್ಟು ಸಲ ಕೇಳಿಲ್ಲ? ವಿಲನ್ ಹೇಳಿದಾಗ ಕನಿಷ್ಠ ಅದು ವಿಲನ್ನಿನ ಮಾತು ಅಂತಾದರೂ ಗೊತ್ತಾಗುತ್ತಿತ್ತು.

ಮಲಂಪುಳದಿಂದ ವಾಪಸ್ ಬರುವಾಗ ಸಮಯ ಇದ್ದರೆ ತಸ್ರಾಕ್‌ಗೆ ಹೋಗಿ. ಪಾಲಕ್ಕಾಡಿನ ಹತ್ತಿರದ ಪುಟ್ಟ ಹಳ್ಳಿ. ಓ.ವಿ. ವಿಜಯನ್ ಅವರ 'ಖಸಾಕ್ಕಿಂಡೆ ಇತಿಹಾಸಂ' ಕಾದಂಬರಿಯ ಖಸಾಕ್ ಹುಟ್ಟಿದ್ದು ಈ ಊರಿನಿಂದ. ಆ ಪುಸ್ತಕ ಬಂದದ್ದೂ 1969ರಲ್ಲಿ, ಅವಳು ಎದ್ದು ಕೂತ ವರ್ಷದಲ್ಲೇ. ವಿಜಯನ್ ನೆನಪಿನ ಮನೆ ಇದೆ, ಕೆರೆ ಇದೆ, ಸುತ್ತ ಗದ್ದೆ ಇದೆ. ನಾವು ಹೋದಾಗ ಸಂಜೆ ಐದೂವರೆ. ರಸ್ತೆಯಲ್ಲಿ ಆಟೋ ಕಮ್ಮಿ. ಗದ್ದೆ ಬದುವಿನ ತಾಳೆ ಮರಗಳ ನೆರಳು ಉದ್ದವಾಗಿ ದಾರಿಗೆ ಅಡ್ಡ ಬಿದ್ದಿತ್ತು. ಗಾಳಿಗೆ ಗರಿ ಬಡಿದುಕೊಳ್ಳುತ್ತಿತ್ತು.

ಗೆಳತಿ ಫೋನ್ ತೆಗೆದು ತನ್ನ ಲೈವ್ ಲೊಕೇಶನ್ ಅಮ್ಮನಿಗೆ ಕಳಿಸಿದಳು. ನಾನೂ ನನ್ನದನ್ನು ಕಳಿಸಿದೆ. ಹಿಂದಿನಿಂದ ಒಂದು ಬೈಕು ಬಂತು, ಇಬ್ಬರು ಹುಡುಗರು. ನಮ್ಮ ಹತ್ತಿರ ಬರುವಾಗ ನಿಧಾನ ಮಾಡಿದರು. ಗೆಳತಿ ಜಡೆ ಬಿಚ್ಚಿದ್ದಳು, ಬಿಸಿಲಿಗೆ ತಲೆ ನೋವು ಅಂತ. ಗಾಳಿಗೆ ಕೂದಲು ಹಾರುತ್ತಿತ್ತು. ಅವಳು ತಿರುಗಿ ಸುಮ್ಮನೆ ಅವರನ್ನೇ ನೋಡಿದಳು. ಬೈಕು ಸ್ಪೀಡ್ ತಗೊಂಡು ಹೋಯಿತು.

"ಸುಣ್ಣ ಕೇಳಬೇಕಿತ್ತು ಕಣೆ" ಅಂದೆ.